ಪುಕ್ಕಟ ಪಾಠಕ್ಕೆ ಹಾಕಿದ ಬೀಗಗಳು

ನಾನು ಬಿಟ್ಟು ಬಂದ ಖುರ್ಚಿಯಲ್ಲಿ ಈಗ ಕೂತಿರುವ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. “ಮೇಡಂರಿ, ಡಿಜಿಟಲ್ ಲೈಬ್ರರಿ ಚಾರ್ಜು ನನಗ ಕೊಟ್ಟಾರ್ರಿ. ಯುನಿವರ್ಸಿಟಿ ಪುಕ್ಕಟ ಪಾಠ ಎಲ್ಲಾ ಹುಡುಗರಿಗಿ ಮುಟ್ಟಿಸಬೇಕಂತ್ರಿ. ಭಾಳ ಹಗೂರ ಕೆಲಸ ಅಂತಾರ. ಹೌದೇನ್ರಿ?” ಎಂದು ಕೇಳಿದಳು.

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಹಗುರ ಕೆಲಸ ಅಂದವರ ಮೇಲೆ. ಫೋನಿನಲ್ಲಿ ಹೇಳಹೋದರೆ ಬಾಯಿಗೆ ಬಂದದ್ದೆಲ್ಲ ಬಂದೀತು, ಬರೆದು ಕಳಿಸುತ್ತೇನೆ ಎಂದೆ. ಬರೆಯುವಾಗಲೂ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ನಾನು ಗ್ರಂಥಪಾಲಕಿ. ಯಾದಗಿರಿಯಲ್ಲಿ ನೌಕರಿ ಶುರುವಾಯಿತು, ಶಹಾಪುರದಲ್ಲಿ ಕೂದಲು ನೆರೆಯಿತು, ಸುರಪುರದಲ್ಲಿ ಹಾರ ಹಾಕಿ ಕಳಿಸಿದರು. ಯಾವಾಗ ಯಾವ ಬಡ್ತಿ ಬಂತು ಎಂಬುದು ಯಾರಿಗೂ ಬೇಡ, ನನಗಂತೂ ಬೇಡವೇ ಬೇಡ. ಬೀಗಗಳ ಬಗ್ಗೆ ಹೇಳುತ್ತೇನೆ, ಕೇಳಿ.

ಯಾದಗಿರಿಯಲ್ಲಿ ನನ್ನ ಮೊದಲ ಪ್ರಾಂಶುಪಾಲರಿಗೆ ಪುಸ್ತಕವೆಂದರೆ ಬಲು ಪ್ರೀತಿ. ಹೊಸ ಪುಸ್ತಕಗಳ ಪ್ಲಾಸ್ಟಿಕ್ ಹಾಳೆ ಬಿಚ್ಚಲೂ ಬಿಡುತ್ತಿರಲಿಲ್ಲ. ಗಾಜಿನ ಕಪಾಟಿನಲ್ಲಿ ಜೋಡಿಸಿ, ಬೀಗ ಹಾಕಿಸಿ, ಬಂದವರಿಗೆಲ್ಲ ತೋರಿಸುತ್ತಿದ್ದರು. ಮುದನಾಳದಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿ ದಿನಾ ಆ ಗಾಜಿನ ಮುಂದೆ ನಿಂತು ಪುಸ್ತಕಗಳ ಬೆನ್ನು ಓದುತ್ತಿದ್ದ. ಒಂದು ದಿನ ತಡೆಯಲಾರದೆ ಬೀಗ ತೆಗೆದು ಅವನಿಗೊಂದು ಪುಸ್ತಕ ಕೊಟ್ಟೆ. ಸಂಜೆಗೆ ಸಾಹೇಬರ ಕೋಣೆಗೆ ಕರೆ ಬಂತು. “ಮೇಡಂರಿ, ಪುಸ್ತಕ ಕಪಾಟಿನ್ಯಾಗ ಇದ್ದರ ಲೈಬ್ರರಿ. ಹುಡುಗ್ರ ಕೈಯಾಗ ಹೋದರ ಅದು ರದ್ದಿ” ಎಂದರು. ನನಗೆ ಆಗ ಹೊಸ ನೌಕರಿ. ಆದರೂ, “ಹಂಗಾದ್ರ ಕಪಾಟು ಕಾಯಾಕ ವಾಚಮನ್ ಸಾಕಿತ್ರಿ ಸರ್, ನಾ ಯಾಕ?” ಎಂದೆ. ಅವತ್ತಿನಿಂದ ನನ್ನ ಹೆಸರು ಜಗಳಗಂಟಿ ಎಂದಾಯಿತು. ಆ ಹೆಸರು ಶಹಾಪುರಕ್ಕೂ ಸುರಪುರಕ್ಕೂ ನನಗಿಂತ ಮೊದಲೇ ಹೋಗಿ ಮುಟ್ಟಿತ್ತು.

ಶಹಾಪುರದಲ್ಲಿದ್ದಾಗ ಕಾಲ ಬದಲಾಯಿತು. ಕಾರ್ಡು ಡಬ್ಬಿಗಳು ಹೋಗಿ ಕಂಪ್ಯೂಟರ್ ಬಂತು. ಆಮೇಲೆ ಒಂದು ವಿಶ್ವವಿದ್ಯಾಲಯ ತನ್ನ ಪಾಠಗಳನ್ನೆಲ್ಲ ಧ್ವನಿಯಲ್ಲಿ, ವಿಡಿಯೋದಲ್ಲಿ ಮುದ್ರಿಸಿ ಒಂದು ಆ್ಯಪ್‌ನಲ್ಲಿ ಇಟ್ಟಿತು. ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ಪುಕ್ಕಟೆ ಕೇಳಬಹುದು. ತರಬೇತಿಗೆ ನನ್ನನ್ನೇ ಕಳಿಸಿದರು. ಖರೆ ಹೇಳುತ್ತೇನೆ, ಅಲ್ಲಿ ಹೆಡ್‌ಫೋನ್ ಹಾಕಿಕೊಂಡು ಮೊದಲ ಪಾಠ ಕೇಳಿದಾಗ ಕಣ್ಣಲ್ಲಿ ನೀರು ಬಂದವು. ಗಾಜಿನ ಕಪಾಟಿನ ಕಾಲ ಮುಗಿಯಿತು ಅಂದುಕೊಂಡೆ. ಧ್ವನಿಗೆ ಯಾರು ಬೀಗ ಹಾಕ್ಯಾರು?

ಹಾಕಿದರು. ಶಹಾಪುರದ ಕಾಲೇಜಿನಲ್ಲಿ ಒಂದು ಕೋಣೆಗೆ ಸುಣ್ಣ ಬಣ್ಣ ಬಳಿದು, ಹೊಸ ಕಂಪ್ಯೂಟರ್, ಹೆಡ್‌ಫೋನ್ ಇಟ್ಟು, ರಿಬ್ಬನ್ ಕತ್ತರಿಸಿದರು. ಫೋಟೋ ಪೇಪರಿನಲ್ಲಿ ಬಂತು. ಮರುದಿನ ನೋಡಿದರೆ ಕೋಣೆಗೆ ಬೀಗ. ಹೆಡ್‌ಫೋನುಗಳು ಅಲ್ಲಿನ ಪ್ರಾಂಶುಪಾಲ ಸಾಹೇಬರ ಖಾಸಗಿ ಕಪಾಟಿನಲ್ಲಿ. ಯಾಕ್ರಿ ಅಂದರೆ, “ಮುರದ್ರ ಜವಾಬ್ದಾರಿ ಯಾರದು?” ಎಂಬ ಉತ್ತರ. ದಿನಾ ಹೋಗಿ ಅವರ ಬಾಗಿಲ ಮುಂದೆ ನಿಲ್ಲುತ್ತಿದ್ದೆ. ಕಡೆಗೆ ಸಾಹೇಬರಿಗೆ ನನ್ನ ಮುಖ ನೋಡಿ ನೋಡಿ ಬೇಸರ ಬಂದು ಕೀಲಿಕೈ ಎಸೆದರು. ಎಸೆದರು ಎಂದರೆ ಎಸೆದರು. ನೆಲದ ಮೇಲಿಂದ ಎತ್ತಿಕೊಂಡೆ.

ಕೋಣೆ ತೆರೆದ ಮೇಲೆ ಇನ್ನೊಂದು ಬೀಗ. ಆ್ಯಪ್‌ನೊಳಗೆ ಹೋಗಲು ಫೋನ್ ನಂಬರ್ ಕೊಡಬೇಕು, ಆ ನಂಬರಿಗೆ ಓಟಿಪಿ ಬರಬೇಕು. ಹುಣಸಗಿ ಕಡೆಯ ಒಬ್ಬ ಹುಡುಗಿಯ ಮನೆಯಲ್ಲಿ ಇದ್ದದ್ದು ಅಣ್ಣನ ಫೋನ್ ಒಂದೇ. ಅವಳು ಆ ನಂಬರ್ ಕೊಟ್ಟಳು. ಓಟಿಪಿ ಗದ್ದೆಯಲ್ಲಿದ್ದ ಅಣ್ಣನಿಗೆ ಹೋಯಿತು. ಅವನು ಮರುದಿನ ಮೋಟರ್ ಸೈಕಲ್ ಹತ್ತಿ ನೇರ ಲೈಬ್ರರಿಗೇ ಬಂದ.

“ಯಾರೀ ಮೇಡಂ? ನಮ್ಮ ತಂಗಿ ಹೆಸರೀಲೆ ನನ್ನ ಫೋನಿಗಿ ಏನೇನೋ ನಂಬರ್ ಬರಾಕತ್ತಾವ. ಯಾವನ ಜೋಡಿ ಮಾತಾಡಾಕ ಹಚ್ಚೀರಿ ಆಕಿಗಿ?”

“ಅರ್ಥಶಾಸ್ತ್ರದ ಪಾಠದ ಜೋಡಿ ಮಾತಾಡಾಕ ಹಚ್ಚೀನಪಾ. ಕುಂದರು, ನೀನೂ ಕೇಳು” ಎಂದು ಅವನ ಕಿವಿಗೆ ಹೆಡ್‌ಫೋನ್ ಹಾಕಿದೆ. ಸ್ವಲ್ಪ ಹೊತ್ತು ಕೇಳಿದ. ಅದು ಪಾಠವೇ ಎಂದು ಅವನಿಗೆ ತಿಳಿಯಿತು. ಆದರೂ ತಂಗಿಯನ್ನು ಕಾಲೇಜು ಬಿಡಿಸಿದ. “ಊರಾಗ ಮಾತು ಬಂದದ, ಇನ್ನ ಆಗಂಗಿಲ್ರಿ” ಎಂದ. ನಾನು ಅವರ ಮನೆಗೆ ಹೋದೆ. ತಾಯಿ ಚಹಾ ಕೊಟ್ಟಳು, ಮಗಳನ್ನು ಹೊರಗೆ ಕರೆಯಲಿಲ್ಲ. ಆ ಹುಡುಗಿಯ ಮುಖ ನನಗೆ ಈಗಲೂ ಚಂದಗೆ ನೆನಪಿದೆ. ಪುಕ್ಕಟ ಪಾಠ ಕೇಳಲು ಹೋಗಿ ಅವಳು ಇದ್ದ ಪಾಠವನ್ನೂ ಕಳೆದುಕೊಂಡಳು. ವರದಿಯಲ್ಲಿ ಇದನ್ನು ಬರೆಯಲು ಜಾಗವಿರಲಿಲ್ಲ. ‘ನೋಂದಾಯಿತ ವಿದ್ಯಾರ್ಥಿನಿಯರು’ ಎಂಬ ಸಾಲಿನಲ್ಲಿ ಅವಳ ಹೆಸರು ಮಾತ್ರ ವರ್ಷಗಟ್ಟಲೆ ಇತ್ತು.

ಇನ್ನು ಸುರಪುರ. ಯಂಕಮ್ಮ ಸಿಕ್ಕದ್ದು ಇಲ್ಲಿ.

ಯಂಕಮ್ಮ ಬಿ.ಎ. ಓದುತ್ತಿದ್ದಳು. ಕೃಷ್ಣಾ ದಂಡೆಯ ಊರಿನವಳು. ತಂದೆ ಹೊಳೆಯಲ್ಲಿ ಮೀನು ಹಿಡಿಯುತ್ತಾನೆ, ತಾಯಿ ನಾಗಮ್ಮ ಅದನ್ನು ಬುಟ್ಟಿಯಲ್ಲಿ ಹೊತ್ತು ಸುರಪುರದ ಪ್ಯಾಟಿಗೆ ತರುತ್ತಾಳೆ. ಸಣ್ಣವಳಿದ್ದಾಗ ಜ್ವರ ಬಂದು ಯಂಕಮ್ಮನ ಎರಡೂ ಕಣ್ಣು ಹೋಗಿದ್ದವು. ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಒಂದೇ ಬಸ್ಸಿಗೆ ಬರುವರು. ನಾಗಮ್ಮ ಮಗಳನ್ನು ಲೈಬ್ರರಿ ಬಾಗಿಲಿಗೆ ಬಿಟ್ಟು, “ಮೇಡಂರಿ, ನಿಮ್ಮ ಕೂಸು” ಎಂದು ಹೇಳಿ ಪ್ಯಾಟಿಗೆ ಹೋಗುವಳು. ಬಾಗಿಲ ಒಳಗೆ ಎಂದೂ ಕಾಲಿಡುತ್ತಿರಲಿಲ್ಲ. “ಮೀನ ವಾಸನಿ ಬರ್ತದ್ರಿ, ಬ್ಯಾಡ” ಎನ್ನುವಳು.

ಯಂಕಮ್ಮ ಅಂಧರ ಶಾಲೆಯಲ್ಲಿ ಬ್ರೈಲ್ ಚುಕ್ಕಿ ಲಿಪಿ ಕಲಿತು ಹತ್ತನೆಯ ತರಗತಿ ದಾಟಿದ್ದಳು. ಬಿ.ಎ.ಗೆ ಬಂದ ಮೇಲೆ ಚುಕ್ಕಿ ಲಿಪಿಯ ಒಂದು ಪುಸ್ತಕವೂ ಇಲ್ಲ. ಗೆಳತಿಯರು ಓದಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ದಿನ ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿ ಆ್ಯಪ್‌ನಲ್ಲಿದ್ದ ಇತಿಹಾಸದ ಧ್ವನಿಪಾಠ ಹಾಕಿದೆ.

ಆ ಪಾಠಗಳ ಬಗ್ಗೆ ಒಂದು ಮಾತು ಹೇಳಬೇಕು. ಆ್ಯಪ್‌ನಲ್ಲಿದ್ದ ಬಹಳಷ್ಟು ಪಾಠಗಳು ಹಾಳೆ ನೋಡಿ ಒದರಿದಂಥವು. ಇತಿಹಾಸದ ಪಾಠ ಮಾಡಿದ ಮನುಷ್ಯ ಮಾತ್ರ ನಮ್ಮ ಮಾತಿನಲ್ಲೇ, ಎದುರಿಗೆ ಕೂತವರಿಗೆ ಹೇಳುವ ಹಾಗೆ ಹೇಳುತ್ತಿದ್ದ. “ಈಗ ನೋಡ್ರಿ, ಕೃಷ್ಣಾ ಈ ಕಡಿ, ತುಂಗಭದ್ರಾ ಆ ಕಡಿ, ನಡುವ ನಮ್ಮ ಕರಿಮಣ್ಣಿನ ಎರಿ ಹೊಲ. ಈ ಹೊಲದ ಸಲುವಾಗಿ ಎಷ್ಟು ರಾಜರು ಬಡಿದಾಡ್ಯಾರ ಅಂತೀರಿ!” ಎಂದು ಶುರುಮಾಡಿದರೆ ಎದ್ದು ಹೋಗಲು ಮನಸ್ಸಾಗದು. ಅವನ ಹೆಸರು ಎಲ್ಲಿಯೂ ಇರಲಿಲ್ಲ. ವಿಶ್ವವಿದ್ಯಾಲಯದ ಲಾಂಛನ ಮಾತ್ರ ಇತ್ತು.

ಯಂಕಮ್ಮ ಆ ಪಾಠ ಮುಗಿಯುವವರೆಗೂ ಅಲುಗಾಡಲಿಲ್ಲ. ಮುಗಿದ ಮೇಲೆ, “ಮೇಡಂರಿ, ಇದನ್ನ ಮನಿಗಿ ಒಯ್ಯಾಕ ಬರ್ತದೇನ್ರಿ?” ಎಂದಳು. ಅವಳ ಊರಲ್ಲಿ ನೆಟ್‌ವರ್ಕ್ ಇಲ್ಲ. ಅವಳ ಹತ್ತಿರ ಬಟನ್ ಫೋನ್ ಇತ್ತು. ಅದರ ಮೆಮೊರಿ ಕಾರ್ಡ್ ತೆಗೆದು ಆ ವರ್ಷದ ಎಲ್ಲ ಪಾಠಗಳನ್ನೂ ಹಾಕಿಕೊಟ್ಟೆ. ಮನೆಯಲ್ಲಿ ಹರಿದ ಬಲೆ ಹೆಣೆಯುವ ಕೆಲಸ ಅವಳದು. ಕೈಗೆ ಬಲೆ, ಕಿವಿಗೆ ಪಾಠ. ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆಯಲು ಕೂತಿದ್ದ ಹುಡುಗಿಯೇ ಹೊರಗೆ ಬಂದು, “ಮೇಡಂರಿ, ಬರೆದು ಬರೆದು ನನ್ನ ಕೈ ಬಿದ್ದು ಹೋತ್ರಿ” ಎಂದು ಅತ್ತಳು. ಎರಡು ವರ್ಷ ಹೀಗೆ ಚಂದಗೆ ನಡೆಯಿತು.

ಕಡೆಯ ವರ್ಷದ ಶುರುವಿನಲ್ಲಿ ಪ್ರಾಂಶುಪಾಲರು ಕರೆದರು. ಟೇಬಲ್ ಮೇಲೆ ಸುತ್ತೋಲೆ ಇತ್ತು. ಆ್ಯಪ್‌ನ ಪಾಠಗಳನ್ನು ಕಾರ್ಡಿಗಾಗಲಿ, ಪೆನ್‌ಡ್ರೈವ್‌ಗಾಗಲಿ ಹಾಕಿಕೊಡುವುದು ನಿಯಮಬಾಹಿರ, ಕ್ರಮ ಜರುಗಿಸಲಾಗುವುದು.

“ನೀವು ಹಾಕಿಕೊಡಾಕತ್ತೀರಂತಲ್ಲ?” ಎಂದರು.

“ಹೌದ್ರಿ ಸರ್. ಕಣ್ಣಿಲ್ಲದಾಕಿಗಿ.”

“ನಿಯಮ ನಿಯಮ ಮೇಡಂ.”

“ಪುಕ್ಕಟ ಅದ ಅಂತ ಡಂಗುರ ಹೊಡೀತೀರಿ. ತಗೊಂಡ್ರ ಕಳವು ಅಂತೀರಿ. ಇದ್ಯಾವ ನ್ಯಾಯ್ರಿ?”

“ನನಗ ಕೇಳಬ್ಯಾಡ್ರಿ. ಸುತ್ತೋಲಿ ಕಳಿಸಿದವ್ರಿಗಿ ಕೇಳ್ರಿ” ಎಂದು ಫ್ಯಾನಿನ ಕಡೆ ಮುಖ ಮಾಡಿದರು. ಕೆಟ್ಟ ಮನುಷ್ಯನಲ್ಲ ಅವರು. ಆದರೆ ಸುತ್ತೋಲೆಗಿಂತ ದೊಡ್ಡ ದೇವರು ಅವರಿಗೆ ಇರಲಿಲ್ಲ. ಈ ಕೆಲಸಕ್ಕೆ ಬಂದವರಿಗೆಲ್ಲ ಇಂಥವರೇ ಸಿಗುತ್ತಾರೆ. ಕೆಟ್ಟವರೊಂದಿಗೆ ಜಗಳಾಡಬಹುದು, ಇಂಥವರೊಂದಿಗೆ ಗ್ವಾಡಿಗೆ ಹಣೆ ಬಡಿದುಕೊಂಡಂತೆ.

ನಾನು ಕಾರ್ಡಿಗೆ ಹಾಕಿಕೊಡುವುದನ್ನು ಬಿಡುವವಳಿರಲಿಲ್ಲ. ಆದರೆ ಹಾಕಿಕೊಡಲು ಪಾಠಗಳೇ ಉಳಿಯಲಿಲ್ಲ. ಒಂದು ಸೋಮವಾರ ಆ್ಯಪ್ ತೆರೆದರೆ ಹಳೆಯದೆಲ್ಲ ಮಾಯ. ಹೊಸ ರೂಪ, ಹೊಸ ಬಣ್ಣ. ಕಡೆಯ ವರ್ಷದ ಇತಿಹಾಸ ಪಾಠಗಳು ಎಲ್ಲಿ ಹೋದವೆಂದು ಹುಡುಕಿದರೆ ವಿಡಿಯೋ ಮಾತ್ರ ಉಂಟು, ಅವೂ ಬೇರೆಯವರವು, ಹಾಳೆ ಓದುವವರವು. ಧ್ವನಿಪಾಠ ಯಾವುದೋ ಮೂಲೆಯಲ್ಲಿರಬಹುದು ಎಂದು ಯಂಕಮ್ಮನ ಹೆಸರಿನಲ್ಲಿ ಹೊಸದಾಗಿ ನೋಂದಣಿ ಮಾಡಲು ಕೂತೆವು. ಪರದೆಯ ಮೇಲೆ ಸಣ್ಣ ಸಣ್ಣ ಚಿತ್ರಗಳು ಬಂದವು.

“ಏನ್ ಕೇಳಾಕತ್ತದ್ರಿ?” ಎಂದಳು ಯಂಕಮ್ಮ.

“ಬಸ್ ಇರೋ ಚಿತ್ರ ಒತ್ತು ಅಂತದವ್ವ. ನೀ ಮಷೀನ್ ಅಲ್ಲ, ಮನುಷ್ಯಾಳ ಅಂತ ಅದಕ್ಕ ಗೊತ್ತಾಗಬೇಕಂತ.”

“ಹಂಗಾದ್ರ ಕಣ್ಣಿಲ್ಲದವ್ರು ಮನುಷ್ಯಾರಲ್ಲೇನ್ರಿ?” ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಸುಮ್ಮನೆ ಕೇಳಿದಳು. ಸಿಟ್ಟು ಬಂದದ್ದು ನನಗೆ. ಧ್ವನಿ ಕೇಳಲು ಚಿತ್ರ ನೋಡಬೇಕು ಎಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ! ಆ ಪುಣ್ಯಾತ್ಮನ ಎದುರಿಗೆ ಒಂದು ಸಲ ನಿಲ್ಲಬೇಕು ಅನ್ನಿಸಿತು. ಚಿತ್ರ ನಾನೇ ಒತ್ತಿ ಒಳಗೆ ಹೋದೆ, ಅಲ್ಲಿಯೂ ಧ್ವನಿಪಾಠ ಇರಲಿಲ್ಲ.

ಆ್ಯಪ್ ನೋಡಿಕೊಳ್ಳುವ ವಿಭಾಗಕ್ಕೆ ಪತ್ರ ಬರೆದೆ. ಉತ್ತರ ಇಲ್ಲ. ಫೋನ್ ಮಾಡಿದೆ. ಊಟಕ್ಕೆ ಹೋಗ್ಯಾರ, ಮೀಟಿಂಗಿನಾಗ ಅದಾರ, ರಜಾದ ಮ್ಯಾಲೆ ಅದಾರ. ಕೊನೆಗೆ ನಾಗಮ್ಮನನ್ನು ಕೇಳಿ ಯಂಕಮ್ಮನನ್ನು ಕರೆದುಕೊಂಡು ವಿಶ್ವವಿದ್ಯಾಲಯಕ್ಕೆ ಹೋಗುವ ಬಸ್ ಹತ್ತಿದೆ.

ವಿಭಾಗದ ನಿರ್ದೇಶಕರ ಕೋಣೆ ತಂಪಾಗಿತ್ತು. ಮರ್ಯಾದೆಯಿಂದ ಕೂರಿಸಿದರು, ನೀರು ತರಿಸಿದರು. ವಿಷಯ ಹೇಳಿದೆ. ಅವರು ಕಂಪ್ಯೂಟರ್ ನೋಡುತ್ತ, “ಧ್ವನಿಪಾಠಗಳನ್ನ ತೆಗೆದಿದ್ದೀವಿ ಮೇಡಂ. ಯಾರೂ ಕೇಳ್ತಾ ಇರಲಿಲ್ಲ. ಲೆಕ್ಕ ನೋಡಿದ್ರೆ ಗೊತ್ತಾಗುತ್ತೆ, ನಿಮ್ಮ ಭಾಗದಿಂದ ಕೇಳಿದವರು ಇಲ್ಲವೇ ಇಲ್ಲ” ಎಂದರು.

“ಇಲ್ಲಿ ಕುಂತಾಳಲ್ರಿ ಕೇಳಿದಾಕಿ” ಎಂದೆ.

“ಆನ್‌ಲೈನ್‌ನಲ್ಲಿ ಕೇಳಿದ್ರೆ ಮಾತ್ರ ನಮಗೆ ಲೆಕ್ಕ. ನೀವು ಕಾರ್ಡಿಗೆ ಹಾಕಿಕೊಟ್ರೆ ಲೆಕ್ಕಕ್ಕೆ ಬರಲ್ಲ. ಇಷ್ಟಕ್ಕೂ ಅದು ತಪ್ಪು.”

“ಆಕಿ ಊರಾಗ ನೆಟ್‌ವರ್ಕ್ ಇಲ್ರಿ.”

“ಅದು ನಮ್ಮ ವಿಭಾಗಕ್ಕೆ ಬರಲ್ಲ.”

“ಚಿತ್ರ ನೋಡಿ ಒತ್ತು ಅನ್ನೋದು ಯಾರ ವಿಭಾಗರಿ?”

ಅವರಿಗೆ ಕಸಿವಿಸಿಯಾಯಿತು. ಯಂಕಮ್ಮನ ಕಡೆ ತಿರುಗಿ, ಮಕ್ಕಳಿಗೆ ಹೇಳುವ ದನಿಯಲ್ಲಿ, “ಪಕ್ಕದಲ್ಲಿ ಇರೋರನ್ನ ಯಾರನ್ನಾದ್ರೂ ಕೇಳಬಹುದಲ್ಲಮ್ಮ?” ಎಂದರು.

“ಪಕ್ಕದಾಗ ಹೊಳಿ ಅದರಿ ಸರ್” ಎಂದಳು ಯಂಕಮ್ಮ. “ಅಪ್ಪ ನೀರಾಗ ಇರ್ತಾನ, ಅವ್ವ ಪ್ಯಾಟ್ಯಾಗ ಇರ್ತಾಳ. ಇಬ್ಬರಿಗೂ ಅಕ್ಷರ ಬರಂಗಿಲ್ರಿ. ಯಾರಿಗಿ ಕೇಳ್ಲಿ?”

ನಿರ್ದೇಶಕರು ಒಂದು ಅರ್ಜಿ ಕೊಟ್ಟು ಹೋಗಿ ಎಂದರು. ನನಗೆ ತಡೆಯಲಿಲ್ಲ. “ಸರ್, ಯಾದಗಿರಿಯಾಗ ಪುಸ್ತಕಕ್ಕ ಬೀಗ ಹಾಕಿದ ಸಾಹೇಬ್ರನ್ನ ನೋಡೀನಿ. ಅವ್ರು ಬೀಗ ಹಾಕೀನಿ ಅಂತಾದ್ರೂ ಒಪ್ಪತಿದ್ರು. ನೀವು ಬಾಗಲಾ ತೆಗೆದೀನಿ ಅಂತ ಬೋರ್ಡ್ ಹಾಕಿ ಗ್ವಾಡಿ ಕಟ್ಟೀರಿ” ಎಂದೆ. ಬಾಯಿ ಜೋರಾಗಿತ್ತು. ಹೊರಗಿನವರು ಒಳಗೆ ಇಣುಕಿದರು. ಯಂಕಮ್ಮ ನನ್ನ ಸೆರಗು ಜಗ್ಗಿದಳು. ಅರ್ಜಿ ಟೇಬಲ್ ಮೇಲಿಟ್ಟು ಎದ್ದು ಬಂದೆವು.

ಕೂಸು ಹಸಿದಿತ್ತು. ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಮಂದಿ ಗದ್ದಲ, ತಟ್ಟೆ ಲೋಟಗಳ ಸಪ್ಪಳ. ಮಂಡಕ್ಕಿ ಸುಸಲಾ ತಿನ್ನುತ್ತಿದ್ದ ಯಂಕಮ್ಮ ಒಮ್ಮೆಲೇ ಕೈ ನಿಲ್ಲಿಸಿದಳು.

“ಮೇಡಂರಿ. ಸರ್ ಅದಾರ ಇಲ್ಲಿ.”

“ಯಾವ ಸರ್ ಅವ್ವ?”

“ನಮ್ಮ ಸರ್ರಿ. ಪಾಠದ ಸರ್. ಚಹಾ ಕೇಳಾಕತ್ತಾರ ನೋಡ್ರಿ.”

ಗಲ್ಲಾಪೆಟ್ಟಿಗೆಯ ಹತ್ತಿರ ತೆಳ್ಳಗಿನ ಮನುಷ್ಯನೊಬ್ಬ, ಬಣ್ಣ ಹೋದ ಅಂಗಿ, ಬಗಲಲ್ಲಿ ಫೈಲು, “ಒಂದು ಚಹಾ ಕೊಡ್ರಿ, ಸಕ್ರಿ ಕಮ್ಮಿ” ಎನ್ನುತ್ತಿದ್ದ. ಹೋಗಿ ಕೇಳಿದೆ, ಇತಿಹಾಸದ ಪಾಠ ಮುದ್ರಿಸಿದವರು ನೀವೇ ಏನ್ರಿ? ಹೌದು ಎಂದ. ಹೆಸರು ಶರಣಪ್ಪ. ಅತಿಥಿ ಉಪನ್ಯಾಸಕನಾಗಿದ್ದ. ಪಾಠಗಳನ್ನೆಲ್ಲ ಅವನ ಬಾಯಿಂದ ಹೇಳಿಸಿಕೊಂಡ ಮುಂದಿನ ವರ್ಷವೇ ಅವನನ್ನು ಕೈಬಿಟ್ಟಿದ್ದರು. ಅವತ್ತು ಬಂದದ್ದು ಒಂದು ಅನುಭವ ಪ್ರಮಾಣಪತ್ರಕ್ಕೆ, ಅದೂ ಸಿಕ್ಕಿರಲಿಲ್ಲ. ತನ್ನ ಪಾಠಗಳನ್ನು ಆ್ಯಪ್‌ನಿಂದ ತೆಗೆದದ್ದು ಅವನಿಗೆ ಗೊತ್ತೇ ಇರಲಿಲ್ಲ.

ಯಂಕಮ್ಮ ಎದ್ದು ನಿಂತು ಕೈ ಮುಗಿದಳು. ಅವಳ ಮುಖ ಅವನಿದ್ದ ಕಡೆಗೇ ಇತ್ತು. “ಸರ್ರಿ, ಮುದಗಲ್ ಕೋಟಿ ಪಾಠದಾಗ ನೀವು ನಡುವ ಒಮ್ಮೆ ಕೆಮ್ಮೀರಲ್ರಿ, ಅವತ್ತ ಆರಾಮ ಇರಲಿಲ್ಲೇನ್ರಿ?” ಎಂದಳು.

ಶರಣಪ್ಪ ಕೈಯಲ್ಲಿದ್ದ ಚಹಾ ಕೆಳಗಿಟ್ಟ. ಕೂತ. ಆಮೇಲೆ, “ಜ್ವರ ಇತ್ತವ್ವ. ರಜಾ ಕೇಳಿದ್ರ ಕೊಡಲಿಲ್ಲ” ಎಂದ.

ಅವನ ಹತ್ತಿರ ಪಾಠಗಳ ಪ್ರತಿ ಇರಲಿಲ್ಲ. ಮುದ್ರಿಸಿದವರು ಕೊಟ್ಟಿರಲಿಲ್ಲ. ಕಡೆಯ ವರ್ಷದ್ದು ಬೇಕು ಎಂದೆ. “ನನ್ನ ಬಾಯಿ ನನ್ನ ಹತ್ರನೇ ಅದಲ್ರಿ ಮೇಡಂ” ಎಂದ. ಅಷ್ಟರಲ್ಲಿ ಅವನು ಹುಣಸಗಿಯ ಒಂದು ಖಾಸಗಿ ಕಾಲೇಜಿಗೆ ಸೇರಿದ್ದ. ದಿನಾ ಕೆಲಸಕ್ಕೆ ಹೋಗುವ ಮುಂಚೆ ಫೋನಿನಲ್ಲಿ ಪಾಠ ಹೇಳಿ ನನಗೆ ಕಳಿಸತೊಡಗಿದ. ಹಿಂದೆ ಕೋಳಿ ಕೂಗುವುದು, ಬಸ್ಸಿನ ಹಾರನ್, ಅವನ ಹೆಂಡತಿ ಕರೆಯುವುದು ಎಲ್ಲ ಕೇಳುತ್ತಿತ್ತು. ನಾನು ಅದನ್ನು ಕಾರ್ಡಿಗೆ ಹಾಕಿ ಯಂಕಮ್ಮನಿಗೆ ಕೊಡುತ್ತಿದ್ದೆ. ಪ್ರಾಂಶುಪಾಲರು ಒಮ್ಮೆ ಬಂದು ನಿಂತರು. “ಇದು ಆ್ಯಪ್‌ದ ಪಾಠ ಅಲ್ರಿ. ಒಬ್ಬ ಮನುಷ್ಯಾ ಇನ್ನೊಬ್ಬ ಮನುಷ್ಯಾಳಿಗಿ ಹೇಳಿದ್ದು. ಇದಕ್ಕ ಸುತ್ತೋಲಿ ಅದ ಏನ್ರಿ?” ಎಂದೆ. ಅವರು ತಿರುಗಿ ತಮ್ಮ ಕೋಣೆಗೆ ಹೋದರು.

ಯಂಕಮ್ಮ ಬಿ.ಎ. ಪಾಸಾದಳು, ಒಳ್ಳೆಯ ದರ್ಜೆಯಲ್ಲೇ. ಅಂಚೆ ಶಿಕ್ಷಣದಲ್ಲಿ ಎಂ.ಎ.ಗೆ ಸೇರಿದಳು. ಶರಣಪ್ಪ ಅದಕ್ಕೂ ಪಾಠ ಕಳಿಸುತ್ತಿದ್ದಾನೆ. ನಾನು ನಿವೃತ್ತಳಾದ ಮೇಲೆ ಆ ಅರ್ಜಿಗೆ ಉತ್ತರ ಬಂತು, ‘ತಮ್ಮ ದೂರು ಇತ್ಯರ್ಥಗೊಂಡಿದೆ.’ ಏನು ಇತ್ಯರ್ಥವೆಂದು ತೆರೆದು ನೋಡಿದೆ. ಚಿತ್ರ ಕಾಣದವರು ಧ್ವನಿಯಲ್ಲಿ ಕೇಳಿ ಅಂಕಿ ಒತ್ತಬಹುದಂತೆ. ಒತ್ತಿದರೆ ಗೊರಗೊರ ಸದ್ದಿನ ನಡುವೆ ಯಾರೋ ಇಂಗ್ಲಿಷಿನಲ್ಲಿ ಏನೋ ಗೊಣಗಿದರು. ಎರಡೂ ಕಿವಿ ಸರಿಯಿರುವ ನನಗೇ ಒಂದು ಅಂಕಿ ತಿಳಿಯಲಿಲ್ಲ. ಧ್ವನಿಪಾಠಗಳಂತೂ ವಾಪಸ್ಸು ಬಂದೇ ಇಲ್ಲ.

ಆದ್ದರಿಂದ, ನನ್ನ ಖುರ್ಚಿಯಲ್ಲಿ ಕೂತ ತಂಗಿ, ಹಗುರ ಕೆಲಸ ಅಂದವರನ್ನು ನಂಬಬೇಡ. ಚಾರ್ಜು ತಗೊಳ್ಳುವಾಗ ಕಂಪ್ಯೂಟರ್ ಎಷ್ಟಿವೆ ಎಂದು ನೋಡುವ ಮೊದಲು ನಿನ್ನ ಕಾಲೇಜಿನ ಹುಡುಗ ಹುಡುಗಿಯರ ಮನೆಗೆ ಹೋಗಿ ಬಾ. ಫೋನ್ ಯಾರ ಕೈಯಲ್ಲಿದೆ ನೋಡು, ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ನೋಡು. ಬೈಯಬೇಕಾದವರನ್ನು ಬೈ. ಜಗಳಗಂಟಿ ಅಂದರೆ ಅನ್ನಲಿ, ಆ ಹೆಸರಿನಿಂದ ನನಗೇನೂ ಕಡಿಮೆಯಾಗಲಿಲ್ಲ.

ಮೊನ್ನೆ ದೀಪಾವಳಿ ಕಳೆದ ಮೇಲೆ ಯಂಕಮ್ಮನ ಊರಿಗೆ ಹೋಗಿದ್ದೆ. ಮಧ್ಯಾಹ್ನ. ತಾಯಿ ಮಗಳು ಪಡಸಾಲೆಯಲ್ಲಿ ಕೂತು ಬಲೆ ಹೆಣೆಯುತ್ತಿದ್ದರು, ನಡುವೆ ಫೋನ್ ಹಚ್ಚಿಟ್ಟಿದ್ದರು. ಶರಣಪ್ಪನ ಪಾಠ ನಡೆದಿತ್ತು, ಅದೇ ಎರಡು ಹೊಳೆಗಳ ನಡುವಿನ ಯುದ್ಧಗಳದು. ಪಾಠ ಮುಗಿದ ಮೇಲೆ ನಾಗಮ್ಮ ನೂಲು ಕಚ್ಚಿ ಹರಿದು, “ಮೇಡಂರಿ, ಒಂದು ಮಾತು ಕೇಳ್ಲೇನ್ರಿ?” ಎಂದಳು.

“ಕೇಳವ್ವ.”

“ಅಷ್ಟು ದಂಡು, ಕುದುರಿ, ಆನಿ, ಎಲ್ಲಾ ಹೊಳಿ ದಾಟಿ ಬಂದ್ವು ಅಂತಾರ್ರಿ ಸರ್. ದಾಟಿಸಿದವ್ರು ಯಾರ್ರಿ? ಹರಗೋಲು ಹಾಕಿದವ್ರು? ಅವ್ರ ಸುದ್ದಿ ಒಂದು ಪಾಠದಾಗೂ ಬರವಲ್ದು.”

ಯಂಕಮ್ಮನ ಕಡೆ ನೋಡಿದೆ, ಅವಳು ನಗುತ್ತಿದ್ದಳು. “ದಿನಾ ಇದನ್ನೇ ಕೇಳ್ತಾಳ್ರಿ ನನಗ” ಎಂದಳು.

ಊರ ಹೊರಗಿನ ದಿಬ್ಬದ ಮೇಲೆ ಒಂದಿಷ್ಟು ನೆಟ್‌ವರ್ಕ್ ಸಿಗುತ್ತದೆ. ಮೂವರೂ ಅಲ್ಲಿಗೆ ಹೋದೆವು. ಶರಣಪ್ಪನಿಗೆ ಫೋನ್ ಹಚ್ಚಿ ನಾಗಮ್ಮನ ಪ್ರಶ್ನೆ ಹೇಳಿದೆ.

“ಗೊತ್ತಿಲ್ರಿ ಮೇಡಂ” ಎಂದ. “ಇಷ್ಟು ವರ್ಷ ಪಾಠ ಹೇಳೀನಿ, ಯಾರೂ ಕೇಳಿಲ್ಲ. ಹುಡುಕಿ ನೋಡ್ತೀನಿ. ಫೋನ್ ಅವ್ರ ಕೈಯಾಗ ಕೊಡ್ರಿ.”

ನಾಗಮ್ಮ ಹಿಂದೆ ಸರಿದಳು. ಯಂಕಮ್ಮ ತಡಕಾಡಿ ತಾಯಿಯ ಕೈ ಹಿಡಿದು ಎಳೆದಳು. ನಾಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಫೋನ್ ತಗೊಂಡಳು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು, ಎದುರಿಗೇ ಯಾರೋ ದೊಡ್ಡವರು ನಿಂತ ಹಾಗೆ.

“ಸರ್ರಿ, ನಾ ಸಾಲಿ ಮುಖಾ ಕಂಡಾಕಿ ಅಲ್ರಿ” ಎಂದಳು. “ಆದ್ರ ನಿಮ್ಮ ಪಾಠ ಒಂದೂ ತಪ್ಪಿಸಿಲ್ರಿ.”